ಕರಿ ಹೇಂಟೆಯ ಹನ್ನೊಂದು ಮೊಟ್ಟೆ

ವರ್ತಕ ನಗರದ ನಮ್ಮ ಬಿಲ್ಡಿಂಗಿನ ಕೆಳಗೆ ಈ ಮಳೆಗಾಲದಲ್ಲಿ ಒಂದು ಹೊಸ ಅಂಗಡಿ ತೆರೆದಿದೆ. ಬಣ್ಣದ ಮೀನು, ಲವ್ ಬರ್ಡ್ಸ್, ಅವುಗಳ ತಿಂಡಿ ಮಾರುತ್ತಾರೆ. ಮೊನ್ನೆ ಮಳೆ ನಿಲ್ಲಲಿ ಎಂದು ಅದರ ಮುಂದೆ ನಿಂತಿದ್ದಾಗ ಒಳಗಿನಿಂದ ಜೋಳದ ನುಚ್ಚು ಮತ್ತು ಒಣಮೀನಿನ ಪುಡಿ ಬೆರೆತ ವಾಸನೆ ಬಂತು. ಸ್ವಲ್ಪ ಮುಗ್ಗಿದ, ಸ್ವಲ್ಪ ಸಿಹಿಯಾದ ವಾಸನೆ. ಸುಮತಿ ಅಕ್ಕನ ಕೋಳಿ ಶೆಡ್ಡು ಹೀಗೇ ನಾರುತ್ತಿತ್ತು. ಡೊಂಬಿವಲಿಯಲ್ಲಿ ನಾನು ಕಳೆದ ಮೊದಲ ವರ್ಷದ ಮೇ, ಜೂನ್ ತಿಂಗಳುಗಳಲ್ಲಿ ನಡೆದದ್ದನ್ನು ನನ್ನ ಗಂಡನಿಗೂ ಪೂರ್ತಿ ಹೇಳಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ಆಗ ನನಗೆ ಇಪ್ಪತ್ತಮೂರು. ಗಜೇಂದ್ರಗಡದ ಹತ್ತಿರದ ಊರಿನವಳು. ಧಾರವಾಡದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿ, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿಗೆ ಕೆಲಸಕ್ಕೆ ಬಂದಿದ್ದೆ. ಸೆಕೆಂಡ್ ಶಿಫ್ಟು, ಮಧ್ಯಾಹ್ನ ಮೂರಕ್ಕೆ ಶುರು, ಮುಗಿಯುವಾಗ ಹನ್ನೊಂದು. ಕಾರ್ಖಾನೆಗಳ ಪಕ್ಕದ ವಸತಿ ಭಾಗದಲ್ಲಿ ಸುಮತಿ ಅಕ್ಕನ ಮನೆಯ ಮಾಳಿಗೆಯ ಕೋಣೆ ಬಾಡಿಗೆಗೆ ಸಿಕ್ಕಿತು. ಅಕ್ಕ ಮೂಡುಬಿದಿರೆಯವರು, ಮದುವೆಯಾಗಿ ಇಲ್ಲಿಗೆ ಬಂದು ಮೂವತ್ತು ವರ್ಷ. ಗಂಡ ಕಾರ್ಖಾನೆಗಳಿಗೆ ಕ್ಯಾಂಟೀನ್ ನಡೆಸುತ್ತಿದ್ದವರು, ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ಊರಿನಲ್ಲಿದ್ದ ತಂಗಿಯ ಜೊತೆ ಅಕ್ಕ ಫೋನಿನಲ್ಲಿ ತುಳು, ನನ್ನ ಜೊತೆ ಕನ್ನಡ, ಓಣಿಯಲ್ಲಿ ಮರಾಠಿ ಮಾತಾಡುವರು. ಮಗ ರೋಹಿತ್ ಬೇಲಾಪುರದ ಆಫೀಸಿಗೆ ಹೋಗುವವನು. ತಾಯಿ ಯಾವ ಭಾಷೆಯಲ್ಲಿ ಕೇಳಿದರೂ ಅವನ ಉತ್ತರ ಹಿಂದಿಯಲ್ಲಿ.

ಮನೆಯ ಹಿಂದೆ, ಕಂಪೌಂಡ್ ಗೋಡೆಗೆ ತಾಗಿಕೊಂಡು ಒಂದು ತಗಡಿನ ಶೆಡ್ಡು. ಅರ್ಧ ಭಾಗದಲ್ಲಿ ಕ್ಯಾಂಟೀನಿನ ಕಾಲದ ಕೊಪ್ಪರಿಗೆಗಳು, ಅನ್ನ ಬಸಿಯುವ ದೊಡ್ಡ ಬುಟ್ಟಿಗಳು. ಉಳಿದರ್ಧದಲ್ಲಿ ಒಂಬತ್ತು ಹೇಂಟೆ, ಒಂದು ಹುಂಜ. ಹೆಣ್ಣು ಕೋಳಿಗೆ ಹೇಂಟೆ ಎನ್ನುವುದನ್ನು ನಾನು ಕಲಿತದ್ದು ಅಕ್ಕನಿಂದಲೇ. ಅವರ ಗಂಡ ಕೊನೆಯ ಸಲ ಊರಿಗೆ ಹೋದಾಗ ಬುಟ್ಟಿಯಲ್ಲಿ ಹಾಕಿ ತಂದ ಕೋಳಿಗಳ ಸಂತಾನ ಇದು. ಅಕ್ಕ ಅವುಗಳ ಮೊಟ್ಟೆಯನ್ನು ಮಾರುತ್ತಿರಲಿಲ್ಲ. ಓಣಿಯಲ್ಲಿ ಬಾಣಂತಿಯರಿದ್ದರೆ ಕೊಡುವರು, ನನಗೆ ಕೊಡುವರು, ಕೆಲಸದ ಮಾವ್ಶಿಗೆ ಕೊಡುವರು.

ಮನೆಗೆಲಸದವರನ್ನು ಇಲ್ಲಿ ಮಾವ್ಶಿ, ಚಿಕ್ಕಮ್ಮ, ಎಂದು ಕರೆಯುತ್ತಾರೆ; ಇವರ ಹೆಸರು ಕುಸುಮ್. ಮುರ್ಬಾಡ್ ಕಡೆಯ ಹಳ್ಳಿಯವರು. ಅಕ್ಕನ ಮನೆಯಲ್ಲಿ ಹನ್ನೊಂದು ವರ್ಷದಿಂದ ಕೆಲಸ, ಅದೇ ಓಣಿಯ ಇನ್ನೂ ನಾಲ್ಕು ಮನೆಗಳಲ್ಲೂ ಕೆಲಸ. ಹತ್ತಕ್ಕೆ ಬಂದು ಪಾತ್ರೆ ತೊಳೆದು, ನೆಲ ಒರೆಸಿ, ಕೊನೆಗೆ ಶೆಡ್ಡು ಗುಡಿಸಿ ಹನ್ನೆರಡಕ್ಕೆ ಹೊರಡುವರು. ಅಕ್ಕ ಹನ್ನೊಂದಕ್ಕೆ ಸ್ಟೇಷನ್ ಹತ್ತಿರದ ತಮ್ಮನ ಹೋಟೆಲಿಗೆ ಅಡುಗೆ ನೋಡಿಕೊಳ್ಳಲು ಹೋಗಿ ಎರಡಕ್ಕೆ ಬರುವರು. ಹಾಗಾಗಿ ಆ ನಡುವಿನ ಹೊತ್ತಿನಲ್ಲಿ ಮನೆಯಲ್ಲಿ ಇರುತ್ತಿದ್ದವರು ಹನ್ನೆರಡರವರೆಗೆ ಮಾವ್ಶಿ, ಮತ್ತು ನಾನು.

ಏಪ್ರಿಲ್ ಮುಗಿಯುತ್ತಿದ್ದಾಗ ಮೊಟ್ಟೆಗಳು ಕಾಣೆಯಾಗತೊಡಗಿದವು. ಒಂದು ದಿನ ಎರಡು, ಮಾರನೆ ದಿನ ಮೂರು. ಅಕ್ಕ ಮೊದಲು ಬೆಕ್ಕು ಎಂದರು, ಆಮೇಲೆ ಹೆಗ್ಗಣ ಎಂದರು, ಮುಂಗುಸಿ ಎಂದರು. ಜಾಲರಿಯ ತೂತುಗಳಿಗೆಲ್ಲ ತಂತಿ ಬಿಗಿದದ್ದಾಯಿತು. ಆದರೂ ನಿಲ್ಲಲಿಲ್ಲ.

"ಗಿರಿಜಾ, ಇಲ್ಲಿ ನೋಡು ಮಾರಾಯ್ತಿ," ಎಂದು ಒಂದು ದಿನ ನನ್ನನ್ನು ಶೆಡ್ಡಿಗೆ ಕರೆದರು. "ಹೆಗ್ಗಣ ತಿಂದ್ರೆ ಸಿಪ್ಪೆ ಬೀಳ್ತದೆ. ಮುಂಗುಸಿ ಆದ್ರೆ ಒಡೆದು ನೆಕ್ಕಿ ಬಿಟ್ಟು ಹೋಗ್ತದೆ. ಇಲ್ಲಿ ಒಂದು ಚೂರು ಸಿಪ್ಪೆ ಉಂಟಾ? ನೆಲ ಒದ್ದೆ ಉಂಟಾ? ಯಾರೋ ಕೈಯಲ್ಲಿ ಎತ್ತಿಕೊಂಡು ಹೋದ ಹಾಗೆ ಉಂಟು."

ನಾನೂ ನೋಡಿದೆ. ಸಿಪ್ಪೆ ಇರಲಿಲ್ಲ.

ಆಗ ಮೇ ಅರ್ಧ ಕಳೆದಿತ್ತು. ಅದೇ ವಾರ ಕರಿ ಹೇಂಟೆ ಕಾವಿಗೆ ಕೂತಿತ್ತು. ಅಕ್ಕ ಬುಟ್ಟಿಯೊಂದರಲ್ಲಿ ಹುಲ್ಲು ಹಾಸಿ ಅದರ ಕೆಳಗೆ ಹನ್ನೊಂದು ಮೊಟ್ಟೆ ಆರಿಸಿ ಇಟ್ಟಿದ್ದರು. ಹಳೆ ಕೋಳಿಗಳಿಗೆ ವಯಸ್ಸಾಗಿತ್ತು. ಈ ಸಲ ಮರಿ ಆಗದಿದ್ದರೆ ಆ ಸಂತಾನ ಮುಗಿದಂತೆಯೇ. ಇದನ್ನು ಅಕ್ಕ ಬಾಯಿಬಿಟ್ಟು ಹೇಳಲಿಲ್ಲ, ಆದರೆ ದಿನಕ್ಕೆ ಮೂರು ಸಲ ಹೋಗಿ ಬಗ್ಗಿ ನೋಡುತ್ತಿದ್ದರು. ಐದನೆಯ ದಿನ ಹನ್ನೊಂದು ಇದ್ದದ್ದು ಒಂಬತ್ತಾಯಿತು.

ರೋಹಿತ್ ತನ್ನ ಹಳೆ ಫೋನನ್ನು ಶೆಡ್ಡಿನೊಳಗೆ, ಬಾಗಿಲು ಕಾಣುವ ಹಾಗೆ ಕಟ್ಟಿ, ವಿಡಿಯೊ ಹಾಕಿಹೋದ. ತಗಡಿನ ಬಿಸಿಗೆ ಅದು ಮಧ್ಯಾಹ್ನದ ಹೊತ್ತಿಗೆ ನಿಂತುಬಿಡುತ್ತಿತ್ತು. ನನಗೆ ರಜೆಯಿದ್ದ ದಿನ ಸಂಜೆ ಓಡಿಸಿ ನೋಡಿ, "ಇಸ್ ಮೇ ತೋ ಬಸ್ ಮಾವ್ಶಿ ಹೈ, ಅಮ್ಮಾ," ಎಂದ. ಇದರಲ್ಲಿ ಮಾವ್ಶಿ ಒಬ್ಬರೇ ಇದ್ದಾರೆ ಎಂದು. ಅವರು ಕಸದ ಬುಟ್ಟಿ ಹಿಡಿದು ಒಳಗೆ ಬಂದು, ಬಗ್ಗಿ, ಗುಡಿಸಿ, ಬುಟ್ಟಿ ಎತ್ತಿಕೊಂಡು ಹೋಗುವುದು ಅದರಲ್ಲಿತ್ತು. ಅದು ಅವರ ದಿನದ ಕೆಲಸ. ಆದರೆ ಅಕ್ಕ ಆ ಬುಟ್ಟಿ ಕಂಡಲ್ಲಿ ಎರಡು ಸಲ ವಿಡಿಯೊ ನಿಲ್ಲಿಸಿ ನೋಡಿದರು.

"ನಿನ್ನ ಕಿಟಕಿಯಿಂದ ಶೆಡ್ಡು ಕಾಣ್ತದಲ್ಲ," ಅಂದರು ನನಗೆ. "ಹನ್ನೊಂದರಿಂದ ಎರಡರವರೆಗೆ ಸ್ವಲ್ಪ ಕಣ್ಣಿಡು. ಯಾವ ಪ್ರಾಣಿ ಬರ್ತದೆ ಅಂತ ಗೊತ್ತಾಗ್ಲಿ."

ಒಪ್ಪಿಕೊಂಡೆ. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡೆ. ಮೇ ತಿಂಗಳ ಸೆಕೆ. ರಾತ್ರಿ ಮಲಗುವಾಗ ಒಂದಾಗುತ್ತಿತ್ತು. ತಿಂಡಿ ತಿಂದು ಫ್ಯಾನಿನ ಕೆಳಗೆ ಕೂತರೆ ಹತ್ತು ನಿಮಿಷದಲ್ಲಿ ಕತ್ತು ವಾಲುತ್ತಿತ್ತು. ಮೊದಲ ದಿನ ಕುರ್ಚಿಯಲ್ಲೇ ನಿದ್ದೆ ಹೋದೆ, ಎರಡನೆಯ ದಿನ ಮಂಚಕ್ಕೆ ಹೋದೆ. ಮೂರನೆಯ ದಿನವೂ ಹಾಗೆಯೇ. ಆ ಮೂರು ದಿನದಲ್ಲಿ ಒಂಬತ್ತು ಮೊಟ್ಟೆ ಆರಾಯಿತು.

ಅಕ್ಕ ಕೇಳಿದಾಗ ನಿದ್ದೆ ಬಂತು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಅವರು ನನ್ನಿಂದ ಬೇರೆ ಏನನ್ನೂ ಯಾವತ್ತೂ ಕೇಳಿದವರಲ್ಲ. ಸಂಕೋಚವಾಯಿತು.

"ನೋಡಾಕತ್ತಿದ್ದೆ ರೀ ಅಕ್ಕಾ," ಅಂದೆ. "ಯಾವ ಪ್ರಾಣಿನೂ ಬಂದಿಲ್ರಿ. ಮಾವ್ಶಿ ಬಿಟ್ರ ಒಳಗ ಯಾರೂ ಹೋಗಿಲ್ಲ."

ಲ್ಯಾಬಿಗೆ ಸೇರಿದ ಮೊದಲ ದಿನ ನಮಗೆ ಹೇಳಿಕೊಟ್ಟದ್ದು ಒಂದೇ ನಿಯಮ: ಕಣ್ಣಿನಿಂದ ನೋಡದ ರೀಡಿಂಗನ್ನು ಬರೆಯಬೇಡ. ಅಲ್ಲಿ ನಾನು ಒಂದು ದಿನವೂ ಆ ನಿಯಮ ಮೀರಿದವಳಲ್ಲ.

ಮಾರನೆ ದಿನ ಮಾವ್ಶಿ ಶೆಡ್ಡು ಗುಡಿಸಿ ಮಾಳಿಗೆಗೆ ಹತ್ತಿ ಬಂದರು. ನನಗಾಗ ಮರಾಠಿ ತರಕಾರಿ ಕೊಳ್ಳುವಷ್ಟೇ ಬರುತ್ತಿತ್ತು. ಅವರು ಕೈಯಿಂದ ನೆಲದ ಮೇಲೆ ಏನೋ ಎಳೆದು ತೋರಿಸುತ್ತ ಒಂದಷ್ಟು ಹೇಳಿದರು. ಅದರಲ್ಲಿ ನನಗೆ ಅರ್ಥವಾದ ಮಾತು ಒಂದೇ: "ಘೋರ್ಪಡ್ ಯೇತೆ ವಾಟ್ತಂ." ಘೋರ್ಪಡ್ ಬರ್ತಾರೆ ಅನ್ನಿಸುತ್ತೆ, ಎಂದು ತಿಳಿದುಕೊಂಡೆ.

ನಮ್ಮ ಗಜೇಂದ್ರಗಡದ ಕಡೆ ಘೋರ್ಪಡೆ ಎಂದರೆ ಒಂದು ಮನೆತನದ ಹೆಸರು, ಚಿಕ್ಕಂದಿನಿಂದ ಕೇಳಿದ್ದೆ. ಅದಕ್ಕಿಂತ ಹೆಚ್ಚಾಗಿ, ಅಕ್ಕನ ಪಕ್ಕದ ಮನೆಯಲ್ಲಿದ್ದವರೇ ಘೋರ್ಪಡೆ ಕಾಕಾ. ಎಪ್ಪತ್ತು ದಾಟಿದವರು, ಒಬ್ಬರೇ ಇದ್ದರು. ಗಡಹಿಂಗ್ಲಜ್ ಕಡೆಯವರಾದ್ದರಿಂದ ಕನ್ನಡ ಬರುತ್ತಿತ್ತು, ನಾನು ಗೇಟಿನಲ್ಲಿ ಕಂಡರೆ ಊರಿನ ಮಳೆ ಬೆಳೆ ವಿಚಾರಿಸುವರು. ಅವರು ಗೋಡೆ ಹಾರಿ ಮೊಟ್ಟೆ ಕದಿಯುತ್ತಾರೆ ಎನ್ನುವುದನ್ನು ಕೇಳಿ ನನಗೆ ನಗು ಬಂತು. ಆಮೇಲೆ ಸಿಟ್ಟೂ ಬಂತು. ಎರಡು ಗಂಟೆಗೆ ಅಕ್ಕ ಬಂದಕೂಡಲೇ ಹೇಳಿದೆ: "ಮಾವ್ಶಿ ಘೋರ್ಪಡೆ ಕಾಕಾನ ಹೆಸರು ಹೇಳಾಕತ್ತಾರ ನೋಡ್ರಿ. ಅವರು ಬರ್ತಾರಂತ."

ಅಕ್ಕ ಕೈಯಲ್ಲಿದ್ದ ಚೀಲವನ್ನು ಕೆಳಗಿಡಲೇ ಇಲ್ಲ.

"ಕಾಕಾ? ಅವರು ಮೊಟ್ಟೆ ಮುಟ್ಟುದಿಲ್ಲ ಮಾರಾಯ್ತಿ, ವಾರಕರಿ ತುಳಸಿಮಾಲೆ ಹಾಕಿದ ಭಕ್ತರು. ನಮ್ಮ ಯಜಮಾನರು ಆಸ್ಪತ್ರೆಯಲ್ಲಿ ಇದ್ದಾಗ ಎಂಟು ದಿನ ನನ್ನೊಟ್ಟಿಗೆ ಕೂತ ಮನುಷ್ಯ." ಚೀಲವನ್ನು ಇನ್ನೊಂದು ಕೈಗೆ ಬದಲಿಸಿದರು. "ಮೊಟ್ಟೆ ತೆಗೆದದ್ದಕ್ಕೆ ನನಗೆ ಬೇಜಾರಿಲ್ಲ. ಕೇಳಿದ್ರೆ ಕೊಡ್ತಿದ್ದೆ. ಅವರ ಮೇಲೆ ಹಾಕಿದ್ಳಲ್ಲ!"

ಮರುದಿನ ಬೆಳಿಗ್ಗೆ ಮಾವ್ಶಿ ಗೇಟು ತೆಗೆಯುವಾಗಲೇ ಅಕ್ಕ ಎದುರು ನಿಂತರು. ಮರಾಠಿಯಲ್ಲಿ ಜೋರಾಗಿಯೇ ಹೇಳಿದರು, ಏನೆಂದು ನನಗೆ ಆಮೇಲೆ ತಿಳಿಯಿತು: ಹನ್ನೊಂದು ವರ್ಷ ನಂಬಿದೆ, ಬೇಕಿದ್ದರೆ ಕೇಳಬಹುದಿತ್ತು, ಕದ್ದು ಒಳ್ಳೆಯವರ ಹೆಸರು ಯಾಕೆ ಹಾಳು ಮಾಡಬೇಕು. ಮಾವ್ಶಿ, ಯಾರ ಹೆಸರು ತೆಗೆದೆ ನಾನು ಎಂದು ಕೇಳಿದರು. ಕಾಕಾ ಗೋಡೆಯಾಚೆ ಗಿಡಗಳಿಗೆ ನೀರು ಹಾಕುತ್ತಿದ್ದರು. ಅವರಿಗೆ ಕೇಳಿಸಬಾರದೆಂದು ಅಕ್ಕ ಹೆಸರು ಹೇಳಲಿಲ್ಲ. "ನಿನಗೇ ಗೊತ್ತುಂಟು," ಎಂದು ಸಿಟ್ಟಿನಲ್ಲಿ ಕನ್ನಡದಲ್ಲೇ ಅಂದುಬಿಟ್ಟರು.

ಮಾವ್ಶಿ ತಲೆಯೆತ್ತಿ ಮೆಟ್ಟಿಲ ಮೇಲೆ ನಿಂತಿದ್ದ ನನ್ನನ್ನು ನೋಡಿದರು. ನಾನು ಕೆಳಗಿಳಿಯಲಿಲ್ಲ. ಅವರು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸೆರಗನ್ನು ಬಿಚ್ಚಿ ಕೊಡವಿ, ಗೇಟನ್ನು ಸದ್ದಿಲ್ಲದೆ ಹಾಕಿಕೊಂಡು ಹೊರಟುಹೋದರು.

ಓಣಿ ಸಣ್ಣದು. ಅಕ್ಕನ ಧ್ವನಿ ಎಲ್ಲರಿಗೂ ಕೇಳಿಸಿತ್ತು. ಒಂದು ವಾರದೊಳಗೆ ಎರಡು ಮನೆಯವರು ಮಾವ್ಶಿಯನ್ನು ಬಿಡಿಸಿದರು. ಉಳಿದೆರಡು ಮನೆಯವರು ಬಿಡಿಸಲಿಲ್ಲ, ಆದರೆ ಮಾವ್ಶಿ ಕೆಲಸ ಮಾಡುವಷ್ಟು ಹೊತ್ತು ಅವರ ಹಿಂದೆ ಹಿಂದೆ ಸುತ್ತುತ್ತಿದ್ದರಂತೆ.

ಮಾವ್ಶಿ ಹೋದ ಮೂರನೆಯ ದಿನ ಕರಿ ಹೇಂಟೆಯ ಕೆಳಗೆ ಐದು ಮೊಟ್ಟೆ ಇದ್ದವು. ಹಿಂದಿನ ದಿನ ಆರು ಇದ್ದವು. ಅಕ್ಕ ನನಗೆ ಹೇಳಲಿಲ್ಲ. ನಾನೇ ಹೋಗಿ ಎಣಿಸಿದೆ. ಪಾತ್ರೆಗಳನ್ನು ಅಕ್ಕನೇ ತೊಳೆಯುತ್ತಿದ್ದರು, ಬೇಕಂತಲೇ ಸದ್ದು ಮಾಡುತ್ತ. ನಾನು ಕಾಕಾ ಕಂಡರೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದೆ. ಅವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಜೂನ್ ಮೊದಲ ಮಳೆ ಬಂದ ಮರುದಿನ. ಅಕ್ಕ ಹೋಟೆಲಿಗೆ ಹೋದಮೇಲೆ ನಾನು ಮುಖಕ್ಕೆ ತಣ್ಣೀರು ಹಾಕಿಕೊಂಡು ಶೆಡ್ಡಿನೊಳಗೇ ಹೋದೆ. ಒಂದು ಕೊಪ್ಪರಿಗೆ ಬೋರಲು ಹಾಕಿ, ಪಾತ್ರೆಗಳ ಮರೆಯಲ್ಲಿ ಕೂತೆ. ಮಳೆ ನಿಂತು ಬಿಸಿಲು ಬಿದ್ದಿತ್ತು, ತಗಡಿನಿಂದ ಆವಿ ಏಳುತ್ತಿತ್ತು, ಗೋಡೆಯ ಹಿಂದೆ ಹರಿಯುವ ಕಾರ್ಖಾನೆಗಳ ಕೊಳಚೆ ನಾಲಾದಿಂದ ಬಣ್ಣದ ನೀರಿನ ಘಾಟು. ನಿದ್ದೆ ಬರಲಿಲ್ಲ.

ಸುಮಾರು ಮುಕ್ಕಾಲು ಗಂಟೆಯ ನಂತರ ಕರಿ ಹೇಂಟೆ ಎದ್ದು ಮೈ ಕೊಡವಿ ಕಾಳಿಗೆ ಹೊರಗೆ ಹೋಯಿತು. ಹೊರಗಿದ್ದ ಕೋಳಿಗಳ ಸದ್ದು ಇದ್ದಕ್ಕಿದ್ದಂತೆ ನಿಂತಿತು. ನನ್ನ ಎಡಗಡೆ, ಎಲ್ಲಕ್ಕಿಂತ ದೊಡ್ಡ ಕೊಪ್ಪರಿಗೆಯ ಹಿಂದೆ, ತಾಮ್ರಕ್ಕೆ ಏನೋ ಉಜ್ಜಿದ ಸದ್ದು ಬಂತು. ಕ್ಯಾಂಟೀನಿನ ಪಾತ್ರೆ ತೊಳೆಯುತ್ತಿದ್ದ ಕಾಲದಲ್ಲಿ ನೀರು ನಾಲಾಕ್ಕೆ ಹೋಗಲು ಗೋಡೆಯಲ್ಲಿ ಬಿಟ್ಟ ತೂಬು ಅಲ್ಲಿತ್ತು. ಕೊಪ್ಪರಿಗೆ ಅಡ್ಡವಿದ್ದುದರಿಂದ ನಮಗೆ ಯಾರಿಗೂ ಅದು ನೆನಪಿರಲಿಲ್ಲ. ಫೋನು ಬಾಗಿಲನ್ನೇ ನೋಡುತ್ತಿತ್ತು.

ಮೊದಲು ಬಂದದ್ದು ನಾಲಿಗೆ. ಉದ್ದ, ಸೀಳಿದ್ದು. ಹಾವು ಎಂದುಕೊಂಡೆ, ಕಾಲು ಮೇಲೆತ್ತಿಕೊಂಡೆ. ಆಮೇಲೆ ಚಪ್ಪಟೆ ತಲೆ ಬಂತು, ಉಗುರಿದ್ದ ಮುಂಗಾಲು ಬಂತು, ಮಣ್ಣಿನ ಬಣ್ಣದ ಒರಟು ಮೈ ಬಂತು, ಬಾಲ ಬರುತ್ತಲೇ ಇತ್ತು. ನಾಲ್ಕು ಅಡಿ ಇದ್ದೀತು. ಅವಸರವೇ ಇಲ್ಲದೆ, ಮೈಯನ್ನು ಆಚೆ ಈಚೆ ತೂಗುತ್ತ, ದಾರಿ ಗೊತ್ತಿದ್ದವರ ಹಾಗೆ ನೇರ ಕಾವಿನ ಬುಟ್ಟಿಗೆ ಹೋಯಿತು. ಒಂದು ಮೊಟ್ಟೆಯನ್ನು ಬಾಯಲ್ಲಿ ಹಿಡಿದು ತಲೆ ಮೇಲೆತ್ತಿತು. ಗಂಟಲು ಉಬ್ಬಿತು, ಉಬ್ಬು ನಿಧಾನ ಕೆಳಗಿಳಿಯಿತು. ಒಂದು ಹನಿ ಬೀಳಲಿಲ್ಲ, ಒಂದು ಚೂರು ಸಿಪ್ಪೆ ಉದುರಲಿಲ್ಲ. ಎರಡನೆಯದನ್ನೂ ಹಾಗೆಯೇ ನುಂಗಿತು.

ನಾನು ಅಲುಗಾಡಿದೆನೇನೋ. ಅದು ತಿರುಗಿ ಬುಸ್ ಎಂದಿತು. ನಾನು ಕಿರುಚಿಕೊಂಡು ಹೊರಗೆ ಓಡಿದೆ.

ಘೋರ್ಪಡೆ ಕಾಕಾ ಕೋಲು ಹಿಡಿದು ಗೋಡೆಯ ಹತ್ತಿರ ಬಂದರು. ಜಾಲರಿಯೊಳಗೆ ಇಣುಕಿ ನೋಡಿ ಕೋಲನ್ನು ಕೆಳಗಿಟ್ಟರು.

"ಹೆದರಬ್ಯಾಡವ್ವಾ. ಏನೂ ಮಾಡಂಗಿಲ್ಲ. ಘೋರಪಡ ಅದು."

"ಏನಂದ್ರಿ?"

"ಘೋರಪಡ. ನಿಮ್ಮ ಕಡೆ ಉಡ ಅಂತಾರಲ್ಲ, ಅದಾ." ಅವರು ನಕ್ಕರು. "ನಮ್ಮ ಅಡ್ಡಹೆಸರು ಅದರಿಂದಾನ ಬಂದದ್ದು. ನಾವು ಇದನ್ನ ಹೊಡ್ಯಾಂಗಿಲ್ಲ."

ನಾನು ಶೆಡ್ಡಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಮಾವ್ಶಿ ನೆಲದ ಮೇಲೆ ಎಳೆದು ತೋರಿಸಿದ್ದು ಬಾಲದ ಗೆರೆಯನ್ನು. ಯೇತೆ ಎಂದರೆ ಬರುತ್ತಾಳೆ; ಮರಾಠಿಯಲ್ಲಿ ಘೋರಪಡ ಹೆಣ್ಣು ಪದ. ಗಂಡಸಿನ ಮಾತಾಗಿದ್ದರೆ ಯೇತೋ ಎನ್ನುತ್ತಿದ್ದರು. ಅಷ್ಟು ಮರಾಠಿ ನನಗೆ ಬರುತ್ತಿತ್ತು. ಮೊಟ್ಟೆ ಯಾರು ತಿನ್ನುತ್ತಾರೆ ಎಂದು ಆ ಮನೆಯಲ್ಲಿ ಸರಿಯಾಗಿ ಹೇಳಿದವರು ಅವರೊಬ್ಬರೇ, ನಾನು ಆ ಮಾತನ್ನೇ ಹೊತ್ತೊಯ್ದು ಅವರನ್ನು ಕಳ್ಳಿ ಮಾಡಿದ್ದೆ.

ನನ್ನ ಕೂಗು ಕೇಳಿ ಪಕ್ಕದ ಕಟ್ಟಡದ ಕೆಲಸದಿಂದ ಇಬ್ಬರು ಬಂದಿದ್ದರು. ಉಡದ ಎಣ್ಣೆ ಮಂಡಿನೋವಿಗೆ ಒಳ್ಳೆಯದು, ಹಿಡಿದುಕೊಡುತ್ತೇವೆ ಎಂದರು. ಕಾಕಾ ಅವರನ್ನು ಬೈದು ಕಳಿಸಿ ಕಲ್ಯಾಣದ ಒಬ್ಬ ಸರ್ಪಮಿತ್ರನಿಗೆ, ಎಂದರೆ ಹಾವು ಹಿಡಿದು ಕಾಡಿಗೆ ಬಿಡುವ ಹುಡುಗನಿಗೆ, ಫೋನು ಮಾಡಿದರು. ಅವನು ಬರುವಷ್ಟರಲ್ಲಿ ಉಡ ಬಂದ ದಾರಿಯಲ್ಲೇ ಹೋಗಿತ್ತು. ಇದನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ, ತೂಬು ಮುಚ್ಚಿ ಸಾಕು ಎಂದ. ಕಾಕಾ ಮತ್ತು ನಾನು ಇಟ್ಟಿಗೆ, ಜಾಲರಿ ಇಟ್ಟು ಮುಚ್ಚಿದೆವು. ಆ ದಿನ ಕೆಲಸಕ್ಕೆ ಹೋಗಲಿಲ್ಲ. ಹುಷಾರಿಲ್ಲ ಎಂದು ಸೂಪರ್‌ವೈಸರಿಗೆ ಹೇಳಿದೆ. ಅದೂ ಸುಳ್ಳೇ.

ಅಕ್ಕ ಬಂದಾಗ ಎಲ್ಲವನ್ನೂ ಹೇಳಿದೆ. ಉಡದಿಂದ ಶುರು ಮಾಡಿದೆ, ಆಮೇಲೆ ಹೆಸರಿನ ವಿಷಯ, ಕೊನೆಗೆ ನಿದ್ದೆ. ಅಕ್ಕ ಕುಕ್ಕರಿನ ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು.

"ಮೂರು ದಿನವೂ ಮಲಗಿದ್ಯಾ?"

"ಹೂಂ ರೀ."

"ಒಂದು ದಿನ ಹೇಳ್ಬಹುದಿತ್ತಲ್ಲ." ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಹೇಳಿದ್ದು ನೀನು, ಹೌದು. ಆದ್ರೆ ಗೇಟಿನಲ್ಲಿ ನಿಂತು ಕೂಗಿದ್ದು ನನ್ನ ಬಾಯಿ. ಚಪ್ಪಲಿ ಹಾಕು, ಹೋಗುವ."

ಮಾವ್ಶಿ ಇದ್ದದ್ದು ನಾಂದಿವಲಿಯಲ್ಲಿ, ಸಾಲು ಕೋಣೆಗಳ ಒಂದು ಚಾಳಿನಲ್ಲಿ. ಹೊಸಿಲಲ್ಲಿ ಕೂತು ಸಬ್ಬಸ್ಸಿಗೆ ಸೊಪ್ಪು ಬಿಡಿಸುತ್ತಿದ್ದರು. ನಮ್ಮನ್ನು ನೋಡಿ ಎದ್ದರು, ಒಳಗೆ ಬನ್ನಿ ಎಂದು ಹೇಳಲಿಲ್ಲ. ಅಕ್ಕ ನಿಂತೇ ಹೇಳಿದರು, ತಪ್ಪಾಯಿತು ಎಂದರು. ಮಾವ್ಶಿ ಪೂರ್ತಿ ಕೇಳಿಸಿಕೊಂಡರು. ಘೋರಪಡ, ಘೋರ್ಪಡೆ ಎನ್ನುವಲ್ಲಿ ಅವರ ತುಟಿ ಒಂದಿಷ್ಟು ಅಲುಗಿತು, ನಗಲಿಲ್ಲ.

"ವಹಿನಿ, ಇಲ್ಲಿ ನನ್ನ ಮನೆಯಲ್ಲಿ ಬಂದು ಹೇಳಿದರೆ ನನಗೇನು?" ಎಂದರು ಮರಾಠಿಯಲ್ಲಿ; ಅಕ್ಕನನ್ನು ಅವರು ವಹಿನಿ, ಅತ್ತಿಗೆ, ಎಂದು ಕರೆಯುತ್ತಿದ್ದರು. ಅಕ್ಕ ಆಮೇಲೆ ನನಗೆ ಬಿಡಿಸಿ ಹೇಳಿದರು. "ನಾನು ಕದ್ದಿಲ್ಲ ಅಂತ ನನಗೆ ಗೊತ್ತಿದೆ. ಗೊತ್ತಿಲ್ಲದವರು ಓಣಿಯಲ್ಲಿದ್ದಾರೆ. ಅಲ್ಲಿ ಹೇಳಿ. ಈ ಹುಡುಗಿ ಹೇಳಲಿ."

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಓಣಿಯ ತುದಿಯಲ್ಲಿ ಮೂವರೂ ಸೇರಿದೆವು. ಹಿಂದಿನ ರಾತ್ರಿ ಅಕ್ಕ ನನಗೆ ನಾಲ್ಕು ವಾಕ್ಯ ಕಲಿಸಿದ್ದರು. ಮೊದಲ ಮನೆಯ ಬಾಗಿಲು ತೆಗೆದ ಹೆಂಗಸು ಹಲ್ಲುಜ್ಜುತ್ತಿದ್ದಳು. ನಾನು ಶುರು ಮಾಡಿದೆ: "ಮೀ ಝೋಪಲೋ ಹೋತೋ." ಮಾವ್ಶಿ ಪಕ್ಕದಿಂದಲೇ ತಿದ್ದಿದರು: "ಝೋಪಲೇ ಹೋತೇ. ತೂ ಮುಲ್ಗೀ ಆಹೇಸ್." ನೀನು ಹುಡುಗಿ. ಅದನ್ನೇ ಸರಿಯಾಗಿ ಹೇಳಿದೆ. ನಾನು ಮಲಗಿದ್ದೆ. ನಾನು ನೋಡಲಿಲ್ಲ. ನೋಡಿದೆ ಎಂದು ಸುಳ್ಳು ಹೇಳಿದೆ. ಮಾವ್ಶಿಯ ತಪ್ಪಿಲ್ಲ. ಆ ಹೆಂಗಸು ಬಾಯಲ್ಲಿ ನೊರೆ ಇಟ್ಟುಕೊಂಡೇ ಒಮ್ಮೆ ನನ್ನನ್ನು, ಒಮ್ಮೆ ಅಕ್ಕನನ್ನು ನೋಡಿದಳು. ಎರಡನೆಯ ಮನೆಯಲ್ಲಿ ಇಬ್ಬರು ಗಂಡಸರು, ಒಬ್ಬ ಅಜ್ಜಿ ಬಂದು ನಿಂತರು. ಎರಡನೆಯ ವಾಕ್ಯದಲ್ಲಿ ತಡವರಿಸಿದೆ. ಮಾವ್ಶಿ ಕಾದರು. ಮೊದಲಿನಿಂದ ಹೇಳಿದೆ. ಅಜ್ಜಿ ಕೆನ್ನೆಗೆ ಕೈ ಹಚ್ಚಿ, ಮೊಟ್ಟೆಗೋಸ್ಕರವಾ ಎಂದು ಕೇಳಿದರು. ಮಾವ್ಶಿ ಮುಂದಿನ ಮನೆಯ ಗೇಟು ತೆಗೆದರು.

ಬಿಡಿಸಿದ್ದ ಎರಡು ಮನೆಗಳಲ್ಲಿ ಒಂದು ಮನೆಯವರು ಅವತ್ತೇ ಮಾವ್ಶಿಯನ್ನು ಮತ್ತೆ ಕರೆದರು. ಇನ್ನೊಂದು ಮನೆಯಲ್ಲಿ ಬೇರೆಯವರು ಸೇರಿಯಾಗಿತ್ತು. ಕರಿ ಹೇಂಟೆಯ ಕೆಳಗೆ ಉಳಿದಿದ್ದ ಮೂರರಲ್ಲಿ ಎರಡು ಮರಿಯಾದವು. ನಾನು ಆ ಮನೆಯಲ್ಲಿ ಮತ್ತೆ ಒಂದೂವರೆ ವರ್ಷ ಇದ್ದೆ. ಶೆಡ್ಡು ಗುಡಿಸುವ ಕೆಲಸ ನನ್ನದಾಯಿತು. ಅಕ್ಕ ಹೇಳಲಿಲ್ಲ, ನಾನೇ ಶುರು ಮಾಡಿದೆ.

ಆ ಬೆಳಿಗ್ಗೆ ನಾಲ್ಕನೆಯ ಮನೆ, ಮಾವ್ಶಿಯನ್ನು ಬಿಡಿಸದೆ ಇದ್ದ ಮನೆ, ಮುಗಿದಮೇಲೆ ಅಕ್ಕ ಅದರ ಗೇಟಿನ ಹೊರಗೆ ನಿಂತು ಕೇಳಿದರು, ನಾಳೆಯಿಂದ ನಮ್ಮ ಮನೆಗೆ ಬರ್ತೀಯಾ ಎಂದು. ಮಾವ್ಶಿ ಇಲ್ಲವೆಂದರು. ಈಗ ಆ ಶೆಡ್ಡೊಳಗೆ ಹೋಗಲು ಭಯ ಎಂದರು.

"ಘೋರಪಡದ ಭಯವಾ?" ಅಂದರು ಅಕ್ಕ. "ತೂಬು ಮುಚ್ಚಿ ಆಯ್ತಲ್ಲ."

"ಅದರ ಭಯ ನನಗೆ ಯಾವತ್ತೂ ಇರಲಿಲ್ಲ ವಹಿನಿ," ಎಂದರು ಮಾವ್ಶಿ. "ಮುಂದೆ ಯಾವತ್ತಾದರೂ ಒಂದು ಮೊಟ್ಟೆ ಕಡಿಮೆಯಾದರೆ ಅನ್ನುವ ಭಯ."

ಆ ನಾಲ್ಕನೆಯ ಮನೆಯ ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡು ಅಂಗಳ ಗುಡಿಸಲು ಶುರು ಮಾಡಿದರು. ರಾತ್ರಿಯ ಮಳೆಗೆ ಬಿದ್ದ ಎಲೆಗಳು ನೆಲಕ್ಕೆ ಅಂಟಿಕೊಂಡಿದ್ದವು. ಗುಡಿಸುತ್ತ ಗುಡಿಸುತ್ತ ಗೇಟಿನವರೆಗೆ ಬಂದರು. ಅಕ್ಕ ಮತ್ತು ನಾನು ದಾರಿ ಬಿಟ್ಟು ಒಂದು ಬದಿಗೆ ಸರಿದು ನಿಂತೆವು.